ಗೊರವಂಕಗಳು ತಂದ ಬಾಗಿನ

ಬಹಳ ಹಿಂದೆ, ಬೆಟ್ಟಗಳ ನಡುವೆ ಮಂಜಿನಕೊಳ್ಳ ಎಂಬ ರಾಜ್ಯವಿತ್ತು. ಅಲ್ಲಿ ಚಿನ್ನಕ್ಕೆ ಬೆಲೆಯಿರಲಿಲ್ಲ. ಕೆಂಡಕ್ಕಿತ್ತು.

ವರ್ಷಕ್ಕೊಮ್ಮೆ ಆ ರಾಜ್ಯಕ್ಕೆ ಮಂಜು ಇಳಿಯುತ್ತಿತ್ತು. ಬರಿಯ ಮಂಜಲ್ಲ. ಒಲೆ ಆರಿದ ಮನೆ ಹುಡುಕಿಕೊಂಡು ಒಳಗೆ ನುಗ್ಗುತ್ತಿತ್ತು. ನುಗ್ಗಿದರೆ ಒಳಗಿದ್ದವರು ಗೊರವಂಕ ಹಕ್ಕಿಗಳಾಗಿ ಹಾರಿಹೋಗುತ್ತಿದ್ದರು. ಅದಕ್ಕೇ ಜನ ವರ್ಷವಿಡೀ ಬೂದಿಯಡಿ ಕೆಂಡ ಕೂಡಿಡುತ್ತಿದ್ದರು. ಆ ನಾಡಿನ ಕೆಂಡ ಬೂದಿಯಡಿ ಆರುತ್ತಿರಲಿಲ್ಲ.

ಮಂಜಿಗೆ ಮುಂಚೆ ಒಂದು ಪದ್ಧತಿ. ನೆರೆಯವರು ಮೊರದಲ್ಲಿ ಬಾಗಿನ ತರುವರು. ಕಾಯಿ, ಬೆಲ್ಲ, ಬಟ್ಟೆ, ಮನೆಯಲ್ಲಿ ಏನಿದ್ದರೆ ಅದು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವರು. ಎದ್ದು ಹೊರಟಾಗ ಅವರಿಗೆ ಮಣ್ಣಿನ ಬಟ್ಟಲಲ್ಲಿ ಒಂದು ಕೆಂಡ ಕೊಡಬೇಕು. ಬಂದ ಬಾಗಿನವನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಇದು ಬೆಡಗಯ್ಯನ ಕಣ್ಣಿಗೆ ಬಿತ್ತು. ಬೆಡಗಯ್ಯ ಮಂತ್ರವಾದಿ. ಬೆಟ್ಟದ ತುದಿಯ ಗಾಜಿನ ಕೋಟೆಯಲ್ಲಿ ಒಬ್ಬನೇ ಇದ್ದ. ಎಷ್ಟು ಕೆಂಡ ಸುರಿದುಕೊಂಡರೂ ಅವನಿಗೆ ಚಳಿ ಬಿಡುತ್ತಿರಲಿಲ್ಲ. ಹಾರಿಹೋದ ಗೊರವಂಕಗಳನ್ನು ಹಿಡಿದು ದಂಡು ಕಟ್ಟಿದ. ಅವುಗಳ ಕಾಲಿಗೆ ಮೊರ ಕಟ್ಟಿದ. ಮೊರದಲ್ಲಿ ಥಳಥಳಿಸುವ ಸಾಮಾನು, ಪಕ್ಕದಲ್ಲಿ ಹನಿ ಎಣ್ಣೆಯ ಸಣ್ಣ ದೀಪ.

"ದೀಪ ಆರುವುದರೊಳಗೆ!" ಎಂದು ಅವು ಕಿಟಕಿ ಕಿಟಕಿಯಲ್ಲೂ ಕೂಗಿದವು. "ಆರಿದರೆ ಇಲ್ಲ! ಆರಿದರೆ ಇಲ್ಲ!"

ಜನ ಬಾಗಿನವೆಂದೇ ತಿಳಿದರು. ತಗೊಂಡರು, ಕೆಂಡ ಕೊಟ್ಟರು. ರಾಜನೂ ಹಾಗೇ. ಆ ವರ್ಷ ಮಂಜಿನ ಮೊದಲ ಎಳೆ ಅರಮನೆಗೇ ನುಗ್ಗಿತು. ಸಿಂಹಾಸನದ ಮೇಲೆ ಕಿರೀಟ ಇಟ್ಟುಕೊಂಡ ಗೊರವಂಕ ಕೂತಿತ್ತು.

ಆ ರಾಜ್ಯದ ಒಂದು ಊರಿನಲ್ಲಿ ಬೊಮ್ಮನೆಂಬ ತರುಣನಿದ್ದ. ಹಗ್ಗ ಹೊಸೆಯುವವನು. ಅವನ ಹೆಂಡತಿ ದ್ಯಾವಿಗೆ ದಿನ ತುಂಬಿತ್ತು. ಹೆರಿಗೆಯ ಹೊತ್ತಿಗೆ ಒಲೆ ಉರಿಯುತ್ತಿರಬೇಕು. ಇಲ್ಲದಿದ್ದರೆ ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ಹಾರಿಹೋಗುತ್ತಾರೆ. ಬೊಮ್ಮನಿಗೆ ಅದೊಂದೇ ಚಿಂತೆ. ಅವನ ಒಲೆಯಲ್ಲಿ ಐದು ಕೆಂಡಗಳಿದ್ದವು.

ಮೊದಲ ಗೊರವಂಕ ಬೆಳಿಗ್ಗೆ ಬಂತು.

"ಒಂದು ಕೆಂಡಕ್ಕೆ ಎರಡು ಕಂಬಳಿ. ಪಕ್ಕದ ಮನೆ ಸಿದ್ದಯ್ಯ ತಗೊಂಡ. ಇದೇ ಕೊನೇ ಜೋಡಿ."

ಮನೆಯಲ್ಲಿ ಕಂಬಳಿಗೆ ಕೊರತೆಯಿರಲಿಲ್ಲ. ಆದರೂ ದೀಪ ಪಟಪಟ ಅಂದಿತು. ಬೊಮ್ಮ ಗಾಬರಿಯಲ್ಲಿ ಕೆಂಡ ಕೊಟ್ಟುಬಿಟ್ಟ. ಸಂಜೆ ಹೊದ್ದು ನೋಡಿದ. ಮುಟ್ಟಿದರೆ ಕಂಬಳಿ, ಹೊದ್ದರೆ ಗಾಳಿ.

ಎರಡನೆಯ ಗೊರವಂಕ ಮರುದಿನ ಬಂತು.

"ಬೊಮ್ಮಾ, ನಿನ್ನೆ ಬಡಗಿಯ ಮನೆ ಮುಂದೆ ನಿಂತು ತೊಟ್ಟಿಲು ನೋಡಿದೆಯಲ್ಲ?"

ಅವನು ನೋಡಿದ್ದು ನಿಜ. ಯಾರಿಗೂ ಹೇಳಿರಲಿಲ್ಲ.

"ಇದು ತಾನೇ ತೂಗುವ ತೊಟ್ಟಿಲು. ಹತ್ತು ಕೆಂಡದ್ದು. ಇವತ್ತು ಮೂರಕ್ಕೆ. ನೋಡು, ದೀಪ!"

ದೀಪದ ಬತ್ತಿ ಬಾಗಿತ್ತು. ಬೊಮ್ಮ ಇಕ್ಕಳ ಹಿಡಿದು ಒಲೆಗೆ ಓಡಿದ.

ದ್ಯಾವಿ ಎದ್ದು ಬಂದು ತೊಟ್ಟಿಲು ನೋಡಿದಳು. ಒಲೆ ನೋಡಿದಳು. ಒಂದೇ ಕೆಂಡ.

"ಏಳು ಕೆಂಡ ಉಳೀತು ಕಣೇ," ಎಂದ ಬೊಮ್ಮ.

"ಹೌದಾ? ಎಲ್ಲಿಟ್ಟಿದ್ದೀಯಯ್ಯಾ, ತೋರಿಸು."

ತೊಟ್ಟಿಲು ತನ್ನ ಪಾಡಿಗೆ ತೂಗುತ್ತಿತ್ತು. ದ್ಯಾವಿ ಒಳಗೊಂದು ತೆಂಗಿನಕಾಯಿ ಇಟ್ಟಳು. ತೊಟ್ಟಿಲು ಮುರಿದು ಬಿತ್ತು.

ಅದೇ ದಿನ ಸಿದ್ದಯ್ಯನ ಮನೆಯ ಹೊಗೆ ನಿಂತಿತು, ಮಂಜಿನ ಎಳೆಯೊಂದು ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಅವನ ಸೂರಿನ ಮೇಲೊಂದು ಗೊರವಂಕ ಕಂಡಿತು. ಅದು ಸಿದ್ದಯ್ಯನಂತೆಯೇ ಕೆಮ್ಮುತ್ತಿತ್ತು. ಕೆಮ್ಮಿನ ನಡುವೆ "ದೀಪ ಆರುವುದರೊಳಗೆ" ಅನ್ನುತ್ತಿತ್ತು.

ಬೊಮ್ಮ ಬಾಗಿಲು ಹಾಕಿಕೊಂಡ. ಒಲೆಯ ಮುಂದೆ ಕೂತ. ಬೂದಿ ಸರಿಸಿ ನೋಡುವುದು, ಮುಚ್ಚುವುದು. ಮತ್ತೆ ಸರಿಸುವುದು.

ಮರುದಿನ ಮಂಜು ಬೇಲಿಯ ತನಕ ಬಂತು. ದ್ಯಾವಿಗೆ ನೋವು ಶುರುವಾಯಿತು. ಸೂಲಗಿತ್ತಿ ಗಂಗಜ್ಜಿ ಕೋಲೂರಿಕೊಂಡು ಬಂದು ಒಳಗೆ ಸೇರಿದಳು. ಬೊಮ್ಮನನ್ನು ಹೊರಗೆ ಅಟ್ಟಿದಳು.

ಹೊರಗೆ ಬೆಡಗಯ್ಯ ನಿಂತಿದ್ದ. ಕೈಯಲ್ಲಿ ಮೊರ. ಮೊರದಲ್ಲೊಂದು ಪುಟ್ಟ ಒಲೆ, ಒಳಗೆ ಧಗಧಗ ಬೆಂಕಿ. ಪಕ್ಕದಲ್ಲಿ ದೀಪ.

"ಆರದ ಒಲೆ, ಬೊಮ್ಮಾ. ಮಂಜಾಗಲಿ, ಮಳೆಯಾಗಲಿ, ಆರುವುದೇ ಇಲ್ಲ. ಒಂದೇ ಕೆಂಡಕ್ಕೆ. ಒಳಗೆ ನೋವು ತಿನ್ನುತ್ತಿದ್ದಾಳಲ್ಲಪ್ಪ. ಬೇಗ."

ಬೊಮ್ಮನ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಇಕ್ಕಳದ ಮೇಲೆ ಹೋಯಿತು. ಒಂದು ಕೆಂಡ ಕೊಟ್ಟರೆ ಎಂದೂ ಆರದ ಬೆಂಕಿ. ಕೊಡದಿದ್ದರೆ ಇರುವುದು ಅದೊಂದೇ ಕೆಂಡ. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಹೆದರಿಕೆಯಾಯಿತು.

ಒಳಗಿನಿಂದ ಗಂಗಜ್ಜಿ ಕೂಗಿದಳು. "ಲೋ ಬೊಮ್ಮ, ಯಾರೋ ಅದು?"

"ಬಾಗಿನ ತಂದಿದ್ದಾರೆ ಅಜ್ಜಿ."

"ಕೂರೋಕೆ ಹೇಳೋ ಮತ್ತೆ! ನಿಲ್ಲಿಸಿಕೊಂಡೇ ಮಾತಾಡ್ತೀಯಲ್ಲ, ಅಷ್ಟೂ ಗೊತ್ತಾಗಲ್ಲವಾ ನಿನಗೆ?"

ಬೊಮ್ಮ ಇಕ್ಕಳ ಬಿಟ್ಟ. ಹಿಂದಿನ ಎರಡು ದಿನ ಬಂದ ಒಂದು ಗೊರವಂಕವೂ ಕೂತಿರಲಿಲ್ಲ. ಅವನೂ ಕೂರಿಸಿರಲಿಲ್ಲ. ಚಾಪೆ ಹಾಸಿದ.

"ಕೂರಿ."

"ಹೊತ್ತಿಲ್ಲಪ್ಪ. ದೀಪ ಆರುತ್ತೆ."

"ಕೂರದಿದ್ದರೆ ಅದು ಬಾಗಿನ ಅಲ್ಲ. ಬಾಗಿನ ಅಲ್ಲದಿದ್ದರೆ ಕೆಂಡ ಇಲ್ಲ."

ಬೆಡಗಯ್ಯ ಹಲ್ಲು ಕಡಿದ. ಕೂತ. ಬೊಮ್ಮ ಎಲೆ ಅಡಿಕೆ ತಟ್ಟೆ ತಂದ. ಒಂದು ಎಲೆ ತೆಗೆದು ಒರೆಸಿದ. ತೊಟ್ಟು ಮುರಿದ. ಸುಣ್ಣ ಸವರಿದ. ನಿಧಾನವಾಗಿ.

ದೀಪದ ಎಣ್ಣೆ ತಳ ಮುಟ್ಟಿತು. ಬೆಡಗಯ್ಯ ಅಂಗಿಯ ತೋಳಿನೊಳಗಿಂದ ಪುಟ್ಟ ಕುಡಿಕೆ ತೆಗೆದ.

"ಅದೇನು?"

"ಎಣ್ಣೆ. ನಿನಗೋಸ್ಕರ ಇನ್ನೂ ಸ್ವಲ್ಪ ಹೊತ್ತು ಉರಿಸುತ್ತೇನೆ."

"ಹಾಗಾದರೆ ಆರಿದರೆ ಇಲ್ಲ ಅನ್ನೋದು?"

ಬೆಡಗಯ್ಯ ಕುಡಿಕೆಯನ್ನು ದೀಪದ ಮೇಲೆ ಬಗ್ಗಿಸಹೋದ.

"ಎಣ್ಣೆ ಬೇಡ," ಎಂದ ಬೊಮ್ಮ. "ಎಲೆ ಹಾಕಿಕೊಳ್ಳಿ."

ಮಂಜು ಅಂಗಳ ದಾಟಿತು. ಜಗಲಿಯ ಮೆಟ್ಟಿಲು ಮುಚ್ಚಿತು. ಒಳಗೆ ದ್ಯಾವಿ ಚೀರಿದಳು.

"ಒಲೆಯ ಜೊತೆ ರೇಷ್ಮೆ ಹಾಸಿಗೆ ಕೊಡುತ್ತೇನೆ!" ಎಂದ ಬೆಡಗಯ್ಯ. "ಕುದುರೆ ಕೊಡುತ್ತೇನೆ! ಅರ್ಧ ಕೆಂಡಕ್ಕೆ ಕೊಡುತ್ತೇನೆ! ಅವಳು ಗೊರವಂಕವಾದರೆ ನೀನೇ ಹೊಣೆ!"

ಒಲೆ ನಿಜವೇ ಆಗಿದ್ದರೆ? ಬೊಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ತನ್ನ ಎರಡೂ ಕೈ ತೊಡೆಯಡಿ ಇಟ್ಟು ಅವುಗಳ ಮೇಲೆ ಕೂತ. ಕಣ್ಣು ದೀಪದ ಮೇಲಿತ್ತು.

ದೀಪ ಒಮ್ಮೆ ಎದ್ದಿತು. ಆರಿತು.

ಬೆಡಗಯ್ಯನ ಮಂತ್ರವೆಲ್ಲ ಆ ದೀಪದಲ್ಲೇ ಇತ್ತು. ಮೊರದ ಒಲೆ ಹಸಿಮಣ್ಣಿನ ಮುದ್ದೆಯಾಯಿತು. ಬೆಟ್ಟದ ಮೇಲೆ ಗಾಜಿನ ಕೋಟೆ ಛಟ್ಟನೆ ಸಿಡಿಯಿತು. ಒಳಗಿದ್ದ ಕೆಂಡಗಳೆಲ್ಲ ಆಕಾಶಕ್ಕೆದ್ದು ತಮ್ಮ ತಮ್ಮ ಮನೆ ಹುಡುಕಿಕೊಂಡು ಬಂದವು. ಅವು ಹಾದ ಕಡೆ ಮಂಜು ಸುಟ್ಟುಹೋಯಿತು. ಸೂರಿನ ಮೇಲಿದ್ದ ಗೊರವಂಕಗಳು ಮನುಷ್ಯರಾಗಿ ಉರುಳಿದವು. ಸಿದ್ದಯ್ಯ ಹುಲ್ಲಿನ ಮೆದೆಯಲ್ಲಿ ಬಿದ್ದು ಕೆಮ್ಮಿದ. ರಾಜ ಸಿಂಹಾಸನದ ಮೇಲೆ ಎಚ್ಚೆತ್ತು, ತನ್ನ ಮೈಮೇಲಿದ್ದ ಪುಕ್ಕ ಕೊಡವಿಕೊಂಡ.

ಬೊಮ್ಮನ ಒಲೆಗೆ ನಾಲ್ಕು ಕೆಂಡ ಬಂದು ಬಿದ್ದವು. ಒಳಗೆ ಮಗು ಅತ್ತಿತು.

ಗಂಗಜ್ಜಿ ಕೈ ಒರೆಸಿಕೊಳ್ಳುತ್ತ ಬಂದಳು. "ಹೆಣ್ಣು ಮಗು. ಬಿಸಿನೀರು ಕಾಯಿಸು, ಹೋಗು." ಆಮೇಲೆ ಚಾಪೆಯ ಕಡೆ ನೋಡಿದಳು. ಮಂತ್ರ ಕಳೆದುಕೊಂಡ ಬೆಡಗಯ್ಯ ಮುದುಡಿ ಕೂತು ನಡುಗುತ್ತಿದ್ದ. "ಇವನೇನಾ ಬಾಗಿನ ತಂದವನು?"

"ಹೂಂ."

"ಕೂತಿದ್ದನಾ?"

"ಕೂತಿದ್ದ."

"ಹಾಗಾದರೆ ಅವನ ಕೆಂಡ ಅವನಿಗೆ ಕೊಟ್ಟು ಕಳಿಸು."

ಬೊಮ್ಮ ಮಣ್ಣಿನ ಬಟ್ಟಲಲ್ಲಿ ಒಂದು ಕೆಂಡ ತಂದು ಕೊಟ್ಟ. ಬೆಡಗಯ್ಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. ಅವನ ನಡುಕ ನಿಂತಿತು. ತಲೆ ತಗ್ಗಿಸಿಕೊಂಡು ಊರ ಕಡೆ ನಡೆದ. ಅಲ್ಲಿ ಗುಡಿಸಲು ಹಾಕಿ, ಒಲೆ ಹೂಡಿ, ನೆರೆಯವರಂತೆ ಬಾಳಿದ.

ಬೊಮ್ಮ, ದ್ಯಾವಿ, ಅವರ ಮಗಳು ಸುಖವಾಗಿದ್ದರು. ಊರೂ ಸುಖವಾಗಿತ್ತು. ಹೇಳುವುದು ಇಷ್ಟೇ.