ಅಪ್ಪನ ಎಡೆಯ ಹೋಳಿಗೆ

ನಾನು ಶ್ರೀರಾಂಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎಲೆಕ್ಟ್ರಾನು ಎರಡು ಸೀಳುಗಳಲ್ಲಿ ಯಾವುದರಲ್ಲಿ ಹಾಯಿತೆಂದು ನೋಡಹೊರಟರೆ ಅದರ ನಡತೆಯೇ ಬದಲಾಗುತ್ತದೆ, ನೋಡಲು ಕಣ್ಣೇ ಬೇಕಿಲ್ಲ, ಯಂತ್ರವೂ ಸಾಕು ಎಂದು ಪಾಠ ಮಾಡುತ್ತೇನೆ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ತೀರಿಹೋದ ಅಪ್ಪನಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ನಾನೂ ಅವ್ವನೂ ಹೊರಗೆ ಕುಳಿತೆವು. ಪ್ರತಿ ವರ್ಷ ಹೋಳಿಗೆಯ ಒಂದು ಅಂಚು ಮುರಿದಿರುತ್ತಿತ್ತು. ಇಲಿಯಿರಬಹುದೆಂದು ಈ ಸಲ ಅವ್ವನಿಗೆ ಹೇಳದೆ ಗೋಡೆಯ ಗೂಡಿನಲ್ಲಿ ಫೋನಿನ ಕ್ಯಾಮೆರಾ ಹಚ್ಚಿಟ್ಟಿದ್ದೆ.

ಬಾಗಿಲು ತೆಗೆದರೆ ಹೋಳಿಗೆ ಇಡಿಯಾಗಿಯೇ ಇತ್ತು.

ಬೆಳಗಿನಿಂದ ಉಪವಾಸವಿದ್ದ ಅವ್ವ ಕುಸಿದು ಕುಳಿತಳು. "ಯಾರೋ ನೋಡ್ಯಾರೆ ಕಣಪ್ಪ. ನಿಮ್ಮಪ್ಪಂಗೆ ಬದುಕಿದ್ದಾಗ್ಲೂ ನಾಚ್ಕೆ, ಮದ್ವೇಲೂ ನನ್ನೆದ್ರು ಉಣ್ಲಿಲ್ಲ. ಅವ್ರು ಉಣ್ಣದೆ ನಾನೆಂಗೆ ಉಣ್ಲಿ?"

ನಾನು ಗೂಡಿನಿಂದ ಫೋನು ತೆಗೆದುಕೊಂಡು, ವಿಡಿಯೋ ನೋಡದೆಯೇ ಅಳಿಸಿ, ಗಾಜನ್ನು ಪಂಚೆಗೆ ಒರೆಸಿ ಅಂಗಿಯ ಜೇಬಿಗಿಟ್ಟೆ.

"ಇನ್ನೊಂದ್ಸಲ ಮುಚ್ಚಾಣ ಅವ್ವ" ಎಂದೆ.

ಆ ಬಿಸಿಲಲ್ಲೂ ಬಾಗಿಲ ಹಲಗೆ ತಣ್ಣಗೆ ಕೊರೆಯುತ್ತಿತ್ತು. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ತೆಗೆದಾಗ ಹೋಳಿಗೆಯ ಅಂಚು ಮುರಿದಿತ್ತು. ಅವ್ವ ಕೈಮುಗಿದು ಉಣ್ಣಲು ಕುಳಿತಳು.

ಸಂಜೆ ಫೋನು ಹೊರತೆಗೆದೆ. ಕ್ಯಾಮೆರಾದ ಗಾಜಿನ ಮೇಲೆ ತುಪ್ಪದ ಹೆಬ್ಬೆರಳೊಂದು ಒತ್ತಿದ ಗುರುತಿತ್ತು. ಎಡೆ ಬಡಿಸಿದವಳು ಅವ್ವ. ಫೋನು ನನ್ನ ಜೇಬು ಬಿಟ್ಟು ಕದಲಿರಲಿಲ್ಲ.