ಕೊಕಟನೂರಿಗೆ ಹೊರಟವನ ಬೈಕು

"ಏನಾಗೇತ್ರಿ ಗಾಡಿಗೆ..." ಎನ್ನುತ್ತಾ ನೀಲಮ ತಲೆಯೆತ್ತಿದಳು.

ಅವನೇ! ಜುಗೂಳದ ಸಂಗ್ರಾಮ!

ಬಿಸಿಲಲ್ಲಿ ಬೈಕು ತಳ್ಳಿಕೊಂಡು ಬಂದು ಏದುಸಿರು ಬಿಡುತ್ತಿದ್ದ. ಹೊಸ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ದೀಪಾವಳಿ ಮುಗಿದ ಮೇಲೆ ಅವಳನ್ನು ನೋಡಲು ಬಂದಿದ್ದವನು. ಅವಳೇ ಬೇಡವೆಂದು ಹೇಳಿ ಕಳಿಸಿದ್ದವನು.

"ಬ್ಯಾರೆ ಗ್ಯಾರೇಜ್ ಬಂದ್ ಅದಾವ್ರಿ. ಇಲ್ಲಂದ್ರ ನಿಮಗ ತ್ರಾಸ ಕೊಡ್ತಿದ್ದಿಲ್ಲ," ಎಂದ, ನೆಲ ನೋಡುತ್ತಾ.

ಕಾಗವಾಡದ ಈ ಅಂಗಡಿ ನೀಲಮಳ ಅಪ್ಪ ಸತ್ತೆಪ್ಪನದು. ಅವನ ಕಣ್ಣು ಮಂಜಾದ ಮೇಲೆ ಗಾಡಿಗಳ ವೈರಿಂಗ್ ಕೆಲಸವೆಲ್ಲ ಅವಳದೇ.

ಅವಳು ಹಾರ್ನ್ ಒತ್ತಿದಳು. ಜೋರಾಗಿ ಕೂಗಿತು. ಬ್ಯಾಟರಿ ಸರಿಯಿದೆ. ಫ್ಯೂಸ್ ತೆಗೆದು ನೋಡಿದಳು, ಅದೂ ಸುಟ್ಟಿಲ್ಲ. ಆದರೆ ಕಿಕ್ ಇಲ್ಲದ ಆ ಗಾಡಿಯ ಸೆಲ್ಫ್ ಬಟನ್ ಒತ್ತಿದರೆ ಸದ್ದೇ ಇಲ್ಲ!

ಹ್ಯಾಂಡಲ್ ಎಡಕ್ಕೆ ತಿರುಗಿಸಿ ಒತ್ತಿದಳು. ಟಕ್ ಎಂದಿತು. ನೇರ ಮಾಡಿದರೆ ಮತ್ತೆ ಮೌನ.

"ಹ್ಯಾಂಡಲ್ ಬುಡಕ ವೈರ್ ಒಳಗಿಂದೊಳಗ ಕಡದೈತ್ರಿ. ಎಲ್ಲಿಗೆ ಹೊಂಟಿದ್ರಿ?"

"ಕೊಕಟನೂರಿಗೆ... ಹುಡುಗಿ ನೋಡಾಕ. ಅವ್ವ ಬಸ್ಸಿನ್ಯಾಗ ಮುಂದ ಹೋಗ್ಯಾಳ."

ನೀಲಮಳ ಕೈ ನಿಂತಿತು.

'ಸಾಮಾನು ಅಥಣಿಯಿಂದ ಬರಬೇಕು ಅಂತ ಸುಳ್ಳು ಹೇಳಿದ್ರ... ಇವತ್ತು ಇಂವ ಹೋಗಂಗಿಲ್ಲ!'

ಛೇ! ಬೇಡವೆಂದವಳು ತಾನೇ ಅಲ್ಲವೇ? ಈಗೇಕೆ ಈ ಸಂಕಟ? ತುಟಿ ಕಚ್ಚಿ ವೈರ್ ಸುಲಿದಳು, ಹೊಸ ತುಂಡು ಜೋಡಿಸಿ ಬೆಸುಗೆ ಹಾಕಿದಳು, ಟೇಪ್ ಸುತ್ತಿದಳು.

ಬೈಕು ಒಂದೇ ಸಲಕ್ಕೆ ಶುರುವಾಯಿತು.

"ಹೋಗ್ರಿ... ಹೊತ್ತಾಕ್ಕೈತಿ," ಎಂದು ಮುಖ ತಿರುಗಿಸಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದು!

ಆದರೆ ಇಂಜಿನ್ ಸದ್ದು ನಿಂತಿತು.

"ಮತ್ತ ಕೆಟ್ಟತೇನ್ರಿ?"

"ಇಲ್ರಿ, ನಾನs ಬಂದ್ ಮಾಡ್ದೆ. ನೀಲಮ... ನನ್ನ ಯಾಕ ಬ್ಯಾಡಂದ್ರಿ?"

ಅವಳು ಸರ್ರನೆ ತಿರುಗಿದಳು. "ಲಗ್ನ ಆದಮ್ಯಾಲ ಈ ಕೆಲಸ ಬಿಡ್ತೀರೇನು ಅಂತ ಕೇಳಿದ್ದು ಯಾರು? ನನ್ನ ಕೈಯಾಗಿನ ಮಸಿ ಕಂಡು ನಿಮಗ ನಾಚಿಕಿ ಆತು!"

ಸಂಗ್ರಾಮ ಬೈಕಿನಿಂದ ಇಳಿದ.

"ಅಯ್ಯ... ಬಿಡ್ರಿ ಅಂದಿದ್ದಿಲ್ರಿ ನಾ! ಬಿಡಬ್ಯಾಡ್ರಿ ಅನ್ನೋದಿತ್ತು! ನಮ್ಮೂರಾಗ ಗಾಡಿ ಕೆಟ್ರ ಎಲ್ಲಾರೂ ಕಾಗವಾಡಕ್ಕ ಬರ್ತಾರ. ಅಲ್ಲೂ ಒಂದು ಅಂಗಡಿ ಹಾಕೋಣು, ಇದನ್ನೂ ನಡಸೋಣು ಅಂತ ಹೇಳಾಕ ಬಾಯಿ ತಗಿಯೂದ್ರಾಗ ನೀವು ಎದ್ದು ಒಳಗ ಹೋದ್ರಿ..."

ನೀಲಮ ಹಣೆ ಬಡಿದುಕೊಂಡಳು. ಪೂರ್ತಿ ಕೇಳಿದ್ದರೆ! ಇಷ್ಟು ದಿನ ಇವನ ಮೇಲೆ ಸಿಟ್ಟಿಟ್ಟುಕೊಂಡು, ಇವನನ್ನೇ ನೆನೆದು ಅತ್ತಿದ್ದಳಲ್ಲ...

"ಹಂಗಾರ ಕೊಕಟನೂರು?" ಮೆಲ್ಲಗೆ ಕೇಳಿದಳು.

"ಅವ್ವನ ಹಟಕ್ಕ ಹೊಂಟಿದ್ದೆ. ನಿಮ್ಮ ಮನಸ್ಸು ಹೇಳ್ರಿ ಮೊದಲ."

"ಹೋಗಬ್ಯಾಡ್ರಿ," ಎಂದುಬಿಟ್ಟಳು. ಹೇಳಿದ ಮೇಲೆ ಕೆನ್ನೆ ಕಾವೇರಿತು.

ಅವನು ತಡಮಾಡದೆ ಫೋನ್ ಹಚ್ಚಿದ. "ಅವ್ವಾ, ಎಲ್ಲಿದ್ದಿ? ಅಥಣ್ಯಾಗs ಇಳಿ, ನಾ ಬಂದು ಕರ್ಕೊಂಡ ಹೋಗ್ತೀನಿ... ಹೂಂ, ಕೊಕಟನೂರಿನವ್ರಿಗೆ ನಾನs ಫೋನ್ ಮಾಡಿ ಮಾಫಿ ಕೇಳ್ತೀನಿ. ಸೊಸಿ ಸಿಕ್ಕಾಳ ಬೇ!"

ನೀಲಮ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ಇಣುಕಿತು.

"ಅಪ್ಪ ಒಳಗ ಅದಾನ್ರಿ... ಅವಗ ಏನಂತ ಹೇಳ್ಲಿ?"

"ನೀವೇನೂ ಹೇಳಬ್ಯಾಡ್ರಿ. ನಾನs ಬಂದು ಕೇಳ್ತೀನಿ. ಈ ಸಲ ಪೂರ್ತಿ ಕೇಳೂತನಕ ಕುಂದರ್ತೀರಲ್ಲ?"

"ನಿಮ್ಮ ಬಾಜೂಕs ಕುಂದರ್ತೀನಿ... ಬರ್ರಿ."