ಮುಚ್ಚಳವಿಲ್ಲದ ಬಾಟಲಿ

2003ರ ಫೆಬ್ರುವರಿ 10, ಸೋಮವಾರ. ಘಟಪ್ರಭಾ ಠಾಣೆಯ ಕಸ ಗುಡಿಸಿ ಮುಗಿದಿರಲಿಲ್ಲ, ಜಿನ್ನವ್ವ ನೇರವಾಗಿ ಒಳಗೆ ಬಂದು ಪಿಎಸ್‌ಐ ಲಗಮಣ್ಣನವರ ಮೇಜಿನ ಮೇಲೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿಯೊಂದನ್ನು ಇಟ್ಟಳು. ಅದಕ್ಕೆ ಮುಚ್ಚಳವಿರಲಿಲ್ಲ.

"ನನ್ನ ಮಗ ವೃಷಭ ದವಾಖಾನ್ಯಾಗ ಎಚ್ಚರಿಲ್ದ ಬಿದ್ದಾನ್ರಿ. ಇದು ಅವನ ಕಿಸೇದಾಗ ಸಿಕ್ತು."

"ಏನ್ ಕೆಲಸ ಮಾಡ್ತಾನ?"

"ಗಾಡಿ ಮ್ಯಾಲ ಹಳ್ಳಿ ಹಳ್ಳಿ ತಿರುಗಿ ಹಾಲು ಕೂಡಸ್ತಾನ್ರಿ. ಯಾವ ಊರಾಗ ಇದನ್ನ ಹಚ್ಚಿದ್ರೋ ಗೊತ್ತಿಲ್ಲ. ಅವರನ್ನ ಹುಡಕರಿ ಸಾಹೇಬ್ರ. ಇನ್ನೊಬ್ಬಾಕಿ ಹಿಂಗ ನಿಮ್ಮ ಮುಂದ ಬಂದು ನಿಲ್ಲಬಾರದು."

ಎಫ್‌ಐಆರ್ ದಾಖಲಾಯಿತು. ಅತಿಯಾಗಿ ಕುಡಿದರೆ ಉಸಿರನ್ನೇ ನಿಲ್ಲಿಸುವ ಔಷಧಿ ಅದು, ಚೀಟಿ ಇಲ್ಲದೆ ಮಾರುವಂತಿಲ್ಲ ಎಂದರು ಡಾಕ್ಟರು. ಆ ಚಳಿಗಾಲದಲ್ಲಿ ಇಂಥ ಮೂರನೆಯ ಪ್ರಕರಣವಿದು. ಮೊದಲಿನ ಇಬ್ಬರು ಬದುಕಿರಲಿಲ್ಲ.

ಮೇಲಧಿಕಾರಿಗಳಿಗೆ ಉತ್ತರ ಆಗಲೇ ಗೊತ್ತಿತ್ತು: ಕಣಗಲಾ ಕಡೆಯ ಹೆದ್ದಾರಿ ಧಾಬಾಗಳು. ದಾಳಿಯಾಯಿತು, ಒಂದು ಚೀಲ ಬಾಟಲಿ ಸಿಕ್ಕವು, ಪೇಪರಿನಲ್ಲಿ ಫೋಟೋ ಬಂತು. ವ್ಯಸನಮುಕ್ತಿ ಶಿಬಿರವೂ ಅಲ್ಲೇ ಎಂದು ತೀರ್ಮಾನವಾಯಿತು. ಲಗಮಣ್ಣನವರಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ವೃಷಭನ ಹಾಲಿನ ಗಾಡಿ ಕಣಗಲಾದ ಮುಖವನ್ನೇ ಕಂಡಿರಲಿಲ್ಲ.

ಬುಧವಾರ ಅವರು ಹೆಡ್ ಕಾನ್‌ಸ್ಟೇಬಲ್ ರಮೀಜನನ್ನು ಕರೆದುಕೊಂಡು ನಿಜಾಮಸಾಬರ ಗುಜರಿ ಅಂಗಡಿಗೆ ಹೋದರು. ಸುತ್ತಲಿನ ಊರುಗಳ ಗುಜರಿ ಮಾಲು ಬಂದು ಬೀಳುವುದು ಅಲ್ಲಿಗೇ. ಒಂದೊಂದು ಊರಿಗೆ ಒಬ್ಬೊಬ್ಬ ಹೆಂಗಸು ಹೋಗಿ ಆಯ್ದು ತರುತ್ತಾಳೆ. ಸಂತೆಯ ದಿನ ತೂಕವಾಗುವವರೆಗೆ ಒಬ್ಬಳ ಮಾಲಿಗೆ ಇನ್ನೊಬ್ಬಳದು ಬೆರೆಯುವಂತಿಲ್ಲ. ಬೆರೆತರೆ ಜಗಳ ಬಿಡಿಸಲು ಠಾಣೆಯೇ ಬರಬೇಕು.

"ಹಂಗಾರ ಊರಿಗೊಂದು ಗುಡ್ಡಿ ಅನ್ರಿ," ಎಂದರು ಲಗಮಣ್ಣ.

"ಹೌದ್ರಿ ಸಾಹೇಬ್ರ. ಏನ್ ಹುಡಕ್ತೀರಿ?"

"ಕೆಮ್ಮಿನ ಬಾಟ್ಲಿ ಒಂದ್ ಕಡೆ, ದಾರೂ ಬಾಟ್ಲಿ ಒಂದ್ ಕಡೆ. ಪ್ರತಿ ಗುಡ್ಡಿದೂ ಬ್ಯಾರೆ ಮಾಡೋಣ."

ಮಧ್ಯಾಹ್ನದವರೆಗೆ ಇಬ್ಬರೂ ಗಾಜು ವಿಂಗಡಿಸಿದರು. ಕೆಮ್ಮಿನ ಬಾಟಲಿ ಹೆಚ್ಚು ಸಿಕ್ಕಿದ್ದು ಹೆದ್ದಾರಿ ಬದಿಯ ಗುಡ್ಡೆಯಲ್ಲೇ.

"ನೋಡ್ರಿ ಸರ್, ಮೇಲಿನವರು ಹೇಳಿದ್ದ ಖರೆ ಆತಲ್ರಿ," ಎಂದ ರಮೀಜ, ಬೆನ್ನು ನೆಟ್ಟಗೆ ಮಾಡುತ್ತ.

"ಅಲ್ಲಿ ದಾರೂ ಬಾಟ್ಲಿನೂ ಬೆಟ್ಟದಷ್ಟು ಅದಾವ. ಸಾವಿರಾರು ಮಂದಿ ಬಂದು ಹೋಗೋ ಜಾಗಾ ಅದು. ಈ ಸಣ್ಣ ಗುಡ್ಡಿ ನೋಡು. ಇದು ಯಾವ ಊರು?"

"ಹೊಸತೋಟ ರೀ," ಎಂದರು ನಿಜಾಮಸಾಬರು.

ಹೊಸತೋಟವೆಂದರೆ ನಾಲ್ಕೈದು ಓಣಿಯ ಊರು. ಅದರ ಗುಡ್ಡೆಯಲ್ಲಿ ದಾರೂ ಬಾಟಲಿ ಒಂದೂ ಇರಲಿಲ್ಲ. ಕೆಮ್ಮಿನ ಬಾಟಲಿಗಳೋ ಬುಟ್ಟಿಗಟ್ಟಲೆ ಇದ್ದವು, ಒಂದಕ್ಕೂ ಮುಚ್ಚಳವಿರಲಿಲ್ಲ. ಲಗಮಣ್ಣನವರು ಜಿನ್ನವ್ವ ತಂದ ಬಾಟಲಿಯನ್ನು ಅವುಗಳ ಪಕ್ಕಕ್ಕೆ ಹಿಡಿದರು. ಕುಡಿದು ಎಸೆಯುವವನಿಗೆ ಮುಚ್ಚಳದ ಹಂಗಿಲ್ಲ, ಒಂದಕ್ಕೆ ಇರುತ್ತದೆ, ಒಂದಕ್ಕೆ ಇರುವುದಿಲ್ಲ. ಅದನ್ನು ಎತ್ತಿಟ್ಟುಕೊಳ್ಳುವವರು ಅಳೆದು ಕೊಡುವವರೇ. ಊರಿನಲ್ಲಿ ಯಾರೋ ಒಬ್ಬರು ಮುಚ್ಚಳದ ಅಳತೆಯಲ್ಲಿ ಹಂಚುತ್ತಿದ್ದರು.

ಮರುದಿನ ಬೆಳಿಗ್ಗೆ ಗುಜರಿ ಆಯುವ ಹೆಂಗಸು ಬಾಟಲಿ ಸಿಗುವ ಹಿತ್ತಲನ್ನು ತೋರಿಸಿದಳು. ಅದು ಕಾಡವ್ವನ ಮನೆ. ಲಗಮಣ್ಣನವರು ಅಂಗಳದಲ್ಲೇ ನಿಂತರು. ನಾಲ್ಕು ವರ್ಷದ ಹಿಂದೆ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸರಾಯಿ ಅಂಗಡಿ ಮುಚ್ಚಿಸಿದ್ದ ಕಾಡವ್ವ ಇವಳೇ. ಅವತ್ತಿನ ಬಂದೋಬಸ್ತಿಗೆ ಬಂದು ಅವಳಿಗೆ ಕೈ ಮುಗಿದು ಹೋದವರು ತಾವೇ.

ಪಂಚರ ಎದುರು ಒಲೆಯ ಮೇಲಿನ ಗೂಡಿನಿಂದ ಒಂದು ಡಬ್ಬಿ ಇಳಿಯಿತು. ತುಂಬ ಮುಚ್ಚಳಗಳು. ಪಕ್ಕದಲ್ಲಿ ಇನ್ನೂ ತೆರೆಯದ ಬಾಟಲಿಗಳ ಪೆಟ್ಟಿಗೆ.

"ಯಾರು ತಂದು ಕೊಡ್ತಾರ?"

"ಪ್ಯಾಟ್ಯಾಗಿನ ಔಷಧಿ ಅಂಗಡ್ಯಾಂವ. ಕುಡ್ಯೂದು ಬಿಡಸಾಕ ಇದ ಮದ್ದು ಅಂದ."

"ನೀ ಯಾಕ ಹಂಚಿದಿ?"

"ಅಂಗಡಿ ಮುಚ್ಚಿದ ಮ್ಯಾಲ ಗಂಡಸರು ಕೈ ನಡಗಿಸ್ಕೋತ ನನ್ನ ಬಾಗಲಕ್ಕ ಬಂದ್ರು. ನನ್ನ ಗಂಡ ಹಂಗ ನಡಗಿ ನಡಗಿ ಸತ್ತಾಂವ್ರಿ. ಒಂದು ಮುಚ್ಚಳಾ ಕೊಟ್ಟೆ, ನಡಕ ನಿಂತು. ತಂದ ರೇಟಿಗೇ ಕೊಟ್ಟೀನಿ, ಲಾಭ ಮುಟ್ಟಿಲ್ಲ."

"ಹಾಲಿನ ವೃಷಭ?"

"ಆ ಹುಡುಗಂಗೂ ಮೈ ನೋವಂದ್ರ ಕೊಡ್ತಿದ್ದೆ. ಮೊನ್ನೆ ನಾ ನೀರಿಗೆ ಹೋದಾಗ ತೆರೆದ ಬಾಟ್ಲಿನ ಎತ್ಕೊಂಡು ಹೋದ. ಯಾಕ್ರಿ, ಏನಾತು?"

ಹೇಳಿದರು. ಕಾಡವ್ವ ಮುಚ್ಚಳದ ಡಬ್ಬಿಯನ್ನು ತಾನೇ ಅವರ ಮುಂದಕ್ಕೆ ಸರಿಸಿದಳು. ಲಗಮಣ್ಣನವರಿಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ, ಅದೇ ಸಿಟ್ಟಿನಲ್ಲಿ ಸಂಜೆಯೊಳಗೆ ಔಷಧಿ ಅಂಗಡಿಯವನನ್ನೂ ಎಳೆತಂದರು. ಕಾಡವ್ವ ಜೀಪು ಹತ್ತುವಾಗ ಒಂದೇ ಮಾತು ಕೇಳಿದ್ದಳು. "ನಾಳೆ ಮುಂಜಾನೆ ಅವರೆಲ್ಲ ಬರ್ತಾರ್ರಿ. ಬಾಗಲಾ ಹಾಕಿದ್ರ ಎಲ್ಲಿಗೆ ಹೋಗ್ಬೇಕು?"

ಆ ಮಾತು ಹಿಡಿದುಕೊಂಡೇ ಅವರು ಅದೇ ರಾತ್ರಿ ಮೇಲಧಿಕಾರಿಗಳ ಮುಂದೆ ಗುಡ್ಡೆಗಳ ಲೆಕ್ಕವಿಟ್ಟು, ಶಿಬಿರವನ್ನು ಕಣಗಲಾದಿಂದ ಹೊಸತೋಟಕ್ಕೆ ಹಟ ಮಾಡಿ ತಿರುಗಿಸಿದರು. ಶುಕ್ರವಾರ ಬೆಳಿಗ್ಗೆ ವೃಷಭ ಕಣ್ಣು ಬಿಟ್ಟನೆಂಬ ಸುದ್ದಿ ಬಂದಾಗ ಶಿಬಿರದ ಡಾಕ್ಟರು ನಡುಕ ತಗ್ಗಿಸುವ ಮಾತ್ರೆ ಇಟ್ಟುಕೊಂಡು ಕಾಡವ್ವನ ಕಟ್ಟೆಯ ಮೇಲೆ ಕೂತಿದ್ದರು. ಗಂಡಸರು ಪೊಲೀಸರನ್ನು ಕಂಡು ಹಿಂಜರಿಯುತ್ತಲೇ ಬಂದು ನಿಂತರು. ಅವರ ಹಿಂದೆ ಹೆಂಗಸರು ಬಂದರು. ಕಾಡವ್ವನ ಜೊತೆ ಪೊರಕೆ ಹಿಡಿದು ಸರಾಯಿ ಅಂಗಡಿಗೆ ನುಗ್ಗಿದ್ದ ಸಾತವ್ವ ಮುಂದಿದ್ದಳು.

"ಗಂಡನ್ನ ಕರಕೊಂಡು ಬಂದ್ಯೇನವ್ವ?" ಎಂದರು ಲಗಮಣ್ಣ.

"ಇಲ್ರಿ," ಸಾತವ್ವ ಸೆರಗಿನಡಿ ಕೈ ಮುಚ್ಚಿಕೊಂಡಳು. ಸೆರಗೂ ನಡುಗುತ್ತಿತ್ತು. "ಕಬ್ಬು ಕಡದು ಸೊಂಟ ನೋವು ಅಂತ ನಾವೂ ಕುಡದೀವ್ರಿ. ಔಷಧಿ ಅಂತ ಕುಡದೀವಿ."

ಅವಳ ಹಿಂದಿನ ಸಾಲು ಓಣಿಯ ತಿರುವಿನವರೆಗೂ ಇತ್ತು. ಲಗಮಣ್ಣನವರ ಲೆಕ್ಕದಲ್ಲಿ ಹೆಂಗಸರೇ ಇರಲಿಲ್ಲ. ಅವರು ರಮೀಜನನ್ನು ಕರೆದು, ಇನ್ನಷ್ಟು ಮಾತ್ರೆ ತರಲು ಜೀಪು ಕೊಟ್ಟು ಕಳಿಸಿದರು.